ಸೇನೆ ಘಾಟಿ ಹತ್ತುವಾಗ: ಯುದ್ಧದ ಸಿಮ್ಯುಲೇಶನ್ ಮಲೆನಾಡಿನಲ್ಲಿ ಎಲ್ಲೆಲ್ಲಿ ಎಡವುತ್ತದೆ

ತೀರ್ಥಹಳ್ಳಿಯೂ ಹೆಬ್ರಿಯೂ ಒಳಗೆ ಬರುವ ಹಾಗೆ ನಕ್ಷೆಯ ಮೇಲೆ 50 ಕಿ.ಮೀ. ಉದ್ದ, 50 ಕಿ.ಮೀ. ಅಗಲದ ಒಂದು ಚೌಕ ಎಳೆಯಿರಿ. ಮೇಲೆ ಆಗುಂಬೆ, ಸಮುದ್ರಮಟ್ಟದಿಂದ ಸುಮಾರು 650 ಮೀಟರ್. ಕೆಳಗೆ ಸೋಮೇಶ್ವರ, ನೂರು ಮೀಟರಿನ ಆಸುಪಾಸು. ನಡುವೆ ಹದಿನಾಲ್ಕು ಕಡಿದಾದ ತಿರುವುಗಳ ಘಾಟಿ. ಕೆಂಪು ಪಡೆ ಮೇಲೆ ಕೂತಿದೆ, ನೀಲಿ ಪಡೆ ಕರಾವಳಿಯಿಂದ ಹತ್ತಿ ಬರಬೇಕು, ಎರಡಕ್ಕೂ ವಿಮಾನಬಲ ಉಂಟು. ಇದು ಪೂರ್ತಿ ಕಲ್ಪಿತ ಕಸರತ್ತು. ಆದರೆ ಸಾವಿರಾರು ಸೈನಿಕರು, ವಾಹನಗಳು, ವಿಮಾನಗಳು ಸೇರುವ ಯುದ್ಧವನ್ನು ಕಂಪ್ಯೂಟರಿನಲ್ಲಿ ನಡೆಸುವುದು ಹೇಗೆಂದು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಕಾರಣ ಇಷ್ಟೇ. ಇಂದು ಬಳಕೆಯಲ್ಲಿರುವ ಯುದ್ಧದ ದೊಡ್ಡ ಗಣಕ ಮಾದರಿಗಳಲ್ಲಿ ಹೆಚ್ಚಿನವು ಶೀತಲ ಸಮರದ ಕಾಲದಲ್ಲಿ ಮಧ್ಯ ಯೂರೋಪಿನ ಬಯಲನ್ನು ಕಣ್ಣಮುಂದೆ ಇಟ್ಟುಕೊಂಡು ಹುಟ್ಟಿದವು. ಬಯಲಿನಲ್ಲಿ ಮಾದರಿಯ ಊಹೆಗಳು ಮುಚ್ಚಿಹೋಗುತ್ತವೆ, ಏಕೆಂದರೆ ಅಲ್ಲಿ ಬಹುಪಾಲು ಊಹೆಗಳು ನಿಜವೇ. ಅದೇ ಮಾದರಿಯನ್ನು ಕಾಡು, ಕಣಿವೆ, ಅಡಿಕೆ ತೋಟ, ಮಳೆ ಇರುವ ನೆಲಕ್ಕೆ ತಂದರೆ ಒಂದೊಂದೇ ಊಹೆ ಕಳಚಿಕೊಂಡು ಕಣ್ಣಿಗೆ ಬೀಳುತ್ತದೆ.

ಲೆಕ್ಕದಿಂದ ಯುದ್ಧ ಆಡುವ ಪದ್ಧತಿ ಹಳೆಯದು. ಪ್ರಷ್ಯಾದ ರೈಸ್‌ವಿಟ್ಸ್ ಎಂಬ ಅಧಿಕಾರಿ 1824ರಲ್ಲಿ 1:8000 ಅಳತೆಯ ನಕ್ಷೆ, ದಾಳ, ನಷ್ಟದ ಕೋಷ್ಟಕಗಳನ್ನು ಇಟ್ಟುಕೊಂಡು ‘ಕ್ರೀಗ್ಸ್‌ಶ್ಪೀಲ್’, ಅಂದರೆ ಯುದ್ಧದ ಆಟ, ರೂಪಿಸಿದ. 1916ರಲ್ಲಿ ಬ್ರಿಟನ್ನಿನ ಎಂಜಿನಿಯರ್ ಲ್ಯಾಂಚೆಸ್ಟರ್ ಎರಡು ಪಡೆಗಳು ಪರಸ್ಪರ ಸವೆಯುವ ಬಗೆಗೆ ಸಮೀಕರಣ ಕೊಟ್ಟ. ಅದೇ ಹೊತ್ತಿಗೆ ರಷ್ಯಾದಲ್ಲಿ ಓಸಿಪೋವ್ ಬೇರೆಯಾಗಿಯೇ ಅದೇ ದಾರಿಯಲ್ಲಿದ್ದ. 1970ರ ದಶಕದ ಕೊನೆಗೆ ಅಮೆರಿಕದ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ‘ಜೇನಸ್’ ಎಂಬ ಯುದ್ಧದ ತಂತ್ರಾಂಶ ಬಂತು. ಅದರಲ್ಲಿ ಒಂದೊಂದು ಟ್ಯಾಂಕೂ ಬೇರೆ, ಒಂದೊಂದು ಗುಂಡಿಗೂ ಬೇರೆ ದಾಳ. ನಮ್ಮಲ್ಲಿ ಈ ಕೆಲಸ ಮಾಡುವುದು ಡಿಆರ್‌ಡಿಒಗೆ ಸೇರಿದ, ದೆಹಲಿಯಲ್ಲಿರುವ ವ್ಯವಸ್ಥೆಗಳ ಅಧ್ಯಯನ ಮತ್ತು ವಿಶ್ಲೇಷಣೆ ಸಂಸ್ಥೆ. ಮೂರೂ ಪಡೆಗಳ ತರಬೇತಿಗೆ ಬೇಕಾದ ಗಣಕ ಯುದ್ಧಕ್ರೀಡೆಗಳು ಅಲ್ಲಿ ತಯಾರಾಗುತ್ತವೆ.

ನೆಲ ಮೊದಲು, ಬಂದೂಕು ಆಮೇಲೆ

ಹೊಸದಾಗಿ ಈ ಕೆಲಸಕ್ಕೆ ಇಳಿಯುವವರು ಮೊದಲು ಟ್ಯಾಂಕಿನ ಕವಚ, ಕ್ಷಿಪಣಿಯ ವ್ಯಾಪ್ತಿ ಎಂದು ಹುಡುಕುತ್ತಾರೆ. ಅದು ತಲೆಕೆಳಗು. ಫಲಿತಾಂಶವನ್ನು ಹೆಚ್ಚು ಅಲುಗಿಸುವುದು ನೆಲದ ದತ್ತಾಂಶ.

ಎರಡು ದಾರಿ ಇವೆ. ಒಂದು, ಇಡೀ ಪ್ರದೇಶವನ್ನು ಜೇನುಹಟ್ಟಿನ ಕಣ್ಣುಗಳಂಥ ಷಟ್ಕೋನಗಳಾಗಿ ಒಡೆಯುವುದು. ಚೌಕದಲ್ಲಿ ಮೂಲೆಗೆ ಹೋಗುವ ದೂರ ಪಕ್ಕಕ್ಕೆ ಹೋಗುವುದಕ್ಕಿಂತ 1.41 ಪಟ್ಟು ಹೆಚ್ಚು. ಷಟ್ಕೋನದಲ್ಲಿ ಆರೂ ನೆರೆಗಳು ಸಮದೂರ. ಎದುರುಬದುರು ಬದಿಗಳ ನಡುವೆ 5 ಕಿ.ಮೀ. ಇರುವ ಷಟ್ಕೋನ ಸುಮಾರು 21.7 ಚದರ ಕಿ.ಮೀ. ಆಗುತ್ತದೆ. ನಮ್ಮ ಚೌಕಕ್ಕೆ ಸುಮಾರು 115 ಷಟ್ಕೋನ ಸಾಕು. ಬ್ರಿಗೇಡು, ಡಿವಿಜನ್ ಮಟ್ಟದ ಆಟಕ್ಕೆ ಇದು ಹಗುರ, ವೇಗ. ಇನ್ನೊಂದು, ನೆಲವನ್ನು 30 ಮೀಟರಿನ ಚೌಕಗಳಾಗಿ ಇಟ್ಟುಕೊಳ್ಳುವುದು. ಆಗ ಅದೇ ಜಾಗಕ್ಕೆ ಸುಮಾರು 28 ಲಕ್ಷ ಚೌಕ ಬೇಕು.

ಷಟ್ಕೋನ ಘಾಟಿಯಲ್ಲಿ ಎಡವುವ ರೀತಿ ನೋಡಿ. ಘಟ್ಟದ ಅಂಚಿನ ಮೇಲೆ ಕೂತ ಒಂದು ಷಟ್ಕೋನದ ಅರ್ಧ 650 ಮೀಟರಿನಲ್ಲಿದೆ, ಇನ್ನರ್ಧ 100 ಮೀಟರಿನಲ್ಲಿದೆ. ತಂತ್ರಾಂಶ ಸರಾಸರಿ ತೆಗೆದು 375 ಎಂದು ಬರೆದುಕೊಳ್ಳುತ್ತದೆ. ಆ ಎತ್ತರದಲ್ಲಿ ನೆಲೆ ನಿಲ್ಲುವಂಥ ಜಾಗ ಆ ಷಟ್ಕೋನದಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಇರುವುದು ಬರೀ ಇಳಿಜಾರು. ಪರಿಣಾಮವಾಗಿ ನೀಲಿ ಪಡೆ ಮೂರು ಹೆಜ್ಜೆಯಲ್ಲಿ ಮೆಟ್ಟಿಲು ಹತ್ತಿದ ಹಾಗೆ ಘಟ್ಟ ಹತ್ತಿಬಿಡುತ್ತದೆ. ಇದಕ್ಕೆ ಮದ್ದು ಷಟ್ಕೋನದ ಬದಿಗಳಿಗೆ ಬೇರೆ ಗುಣ ಕೊಡುವುದು: ಈ ಬದಿ ದಾಟಲಾಗದು, ಈ ಬದಿಯಲ್ಲಿ ರಸ್ತೆ ಮಾತ್ರ, ಈ ಬದಿಯಲ್ಲಿ ನದಿ. ಘಟ್ಟದ ಉದ್ದಕ್ಕೂ ಬದಿಗಳನ್ನು ಕೈಯಿಂದಲೇ ಗುರುತು ಹಾಕಬೇಕು. ತುಂಬ ಬೇಸರದ ಕೆಲಸ, ಆದರೆ ಇದನ್ನು ಬಿಟ್ಟರೆ ಮುಂದಿನದೆಲ್ಲ ವ್ಯರ್ಥ.

30 ಮೀಟರಿನ ದತ್ತಾಂಶಕ್ಕೂ ತನ್ನದೇ ರೋಗ ಇದೆ. ಉಚಿತವಾಗಿ ಸಿಗುವ ಎತ್ತರದ ನಕ್ಷೆಗಳಲ್ಲಿ ಹೆಸರಾದ ಎಸ್‌ಆರ್‌ಟಿಎಂ, ಫೆಬ್ರುವರಿ 2000ದಲ್ಲಿ ಬಾಹ್ಯಾಕಾಶ ನೌಕೆಯೊಂದು 11 ದಿನ ರೇಡಾರ್ ಬೀಸಿ ತೆಗೆದದ್ದು. ಆ ರೇಡಾರಿನ ಅಲೆ ದಟ್ಟ ಕಾಡಿನ ಮೇಲ್ಛಾವಣಿಯನ್ನು ಪೂರ್ತಿ ತೂರಿಕೊಂಡು ನೆಲ ಮುಟ್ಟುವುದಿಲ್ಲ, ಎಲೆ-ಕೊಂಬೆಗಳ ನಡುವೆ ಎಲ್ಲೋ ಪ್ರತಿಫಲಿಸಿ ವಾಪಸಾಗುತ್ತದೆ. ಸೋಮೇಶ್ವರದ ನಿತ್ಯಹರಿದ್ವರ್ಣ ಕಾಡಿನಲ್ಲಿ ಇದರ ಅರ್ಥ ಏನು? ನಕ್ಷೆ ‘ನೆಲ’ ಎಂದು ತೋರಿಸುವುದು ಹಲವು ಕಡೆ ಮರದ ನೆತ್ತಿಗೆ ಹತ್ತಿರದ ಜಾಗ. ನೀವು ಕಾವಲುಗಾರನನ್ನು ‘ನೆಲದಿಂದ 1.75 ಮೀಟರ್’ ಎಂದು ನಿಲ್ಲಿಸಿದರೆ ಅವನು ಮರದ ತುದಿಯಲ್ಲಿ ನಿಂತು ಇಡೀ ಕಣಿವೆ ನೋಡುತ್ತಿರುತ್ತಾನೆ. ಇದನ್ನು ಸರಿಪಡಿಸಲು ಹೋಗಿ ಕಾಡಿನ ಎತ್ತರ 25 ಮೀಟರ್ ಎಂದು ಮತ್ತೊಂದು ಪದರ ಸೇರಿಸಿದರೆ ಮರ ಎರಡು ಸಲ ಲೆಕ್ಕಕ್ಕೆ ಬಂತು. ಈಗ ಯಾರಿಗೂ ಏನೂ ಕಾಣುವುದಿಲ್ಲ. ಸರಿಯಾದ ಕ್ರಮ ಎಂದರೆ ಕಾಡೆಂದು ಗುರುತಾದ ಚೌಕಗಳಲ್ಲಿ ಮೊದಲು ಎತ್ತರವನ್ನು ಇಳಿಸಿ, ರಸ್ತೆ, ಗದ್ದೆ, ಹಕ್ಕಲಿನಂಥ ಬಯಲು ಜಾಗಗಳ ಎತ್ತರಕ್ಕೆ ತಾಳೆ ನೋಡಿ, ಆಮೇಲೆ ಮರದ ಪದರ ಸೇರಿಸುವುದು. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ನಕ್ಷೆಯ 20 ಮೀಟರ್ ಅಂತರದ ಸಮೋನ್ನತಿ ರೇಖೆಗಳು ತಾಳೆ ನೋಡಲು ಇವತ್ತಿಗೂ ಒಳ್ಳೆಯ ಸಾಕ್ಷಿ.

ಮನೆಯಲ್ಲೇ ಪರೀಕ್ಷಿಸುವವರಿಗೆ ಉಚಿತ ನಕ್ಷೆ ತಂತ್ರಾಂಶವಾದ ಕ್ಯೂಜಿಐಎಸ್ ಮತ್ತು ಅದರೊಳಗಿನ ಗ್ರಾಸ್ ಸಾಕು. ಎಸ್‌ಆರ್‌ಟಿಎಂ ಕಡತ ಡಿಗ್ರಿಗಳಲ್ಲಿ ಬರುತ್ತದೆ. ಅದನ್ನು ಮೊದಲು, ಜಾಗವನ್ನು ಮೀಟರಿನಲ್ಲಿ ಹೇಳುವ ಯುಟಿಎಂ ಪದ್ಧತಿಗೆ, ಮಲೆನಾಡು ಬೀಳುವ 43 ಉತ್ತರ ವಲಯಕ್ಕೆ ಬದಲಿಸಿ. ಮರೆತರೆ ಅಡ್ಡ ಅಳತೆ ಡಿಗ್ರಿಯಲ್ಲಿ, ಎತ್ತರ ಮೀಟರಿನಲ್ಲಿ ಉಳಿದು, ಇಳಿಜಾರು ಎಲ್ಲ ಕಡೆ 90 ಡಿಗ್ರಿಯ ಹತ್ತಿರ ಬರುತ್ತದೆ. ಆಮೇಲೆ, ಒಂದು ಜಾಗದಿಂದ ಏನೇನು ಕಾಣುತ್ತದೆಂದು ಲೆಕ್ಕ ಹಾಕುವ ‘ಆರ್.ವ್ಯೂಶೆಡ್’ ಉಪಕರಣದಲ್ಲಿ ಭೂಮಿಯ ವಕ್ರತೆಯ ಆಯ್ಕೆಯನ್ನು ನೀವೇ ಹಾಕಬೇಕು, ಅದು ತಾನಾಗಿ ಇರುವುದಿಲ್ಲ. 3 ಕಿ.ಮೀ. ದೂರಕ್ಕೆ ವಕ್ರತೆಯಿಂದ ಆಗುವ ಇಳಿತ 70 ಸೆಂ.ಮೀ., ಅದನ್ನು ಬಿಟ್ಟರೂ ನಡೆಯುತ್ತದೆ. 20 ಕಿ.ಮೀ.ಗೆ 31 ಮೀಟರ್, ಬಿಡುವ ಹಾಗಿಲ್ಲ.

ಅಡಿಕೆ ತೋಟದೊಳಗೆ ಎಷ್ಟು ದೂರ ಕಾಣುತ್ತದೆ

ಯುದ್ಧದ ಸಿಮ್ಯುಲೇಶನ್ನಿನ ಹೃದಯ ‘ಯಾರಿಗೆ ಯಾರು ಕಾಣುತ್ತಾರೆ’ ಎಂಬ ಪ್ರಶ್ನೆ. ಕಾಣದವನಿಗೆ ಗುರಿಯಿಟ್ಟು ಗುಂಡು ಹೊಡೆಯಲಾಗದು. ನೋಡುವವನಿಂದ ಗುರಿಗೆ ಒಂದು ಗೆರೆ ಎಳೆದು, ಪ್ರತಿ 30 ಮೀಟರಿಗೆ ನೆಲದ ಎತ್ತರ ಗೆರೆಗಿಂತ ಮೇಲಿದೆಯೇ ಎಂದು ನೋಡುತ್ತಾರೆ. 3 ಕಿ.ಮೀ. ಗೆರೆಗೆ 100 ತಪಾಸಣೆ. ಒಂದು ಕಡೆ ಸಾವಿರ, ಇನ್ನೊಂದು ಕಡೆ ಸಾವಿರ ಇದ್ದರೆ 10 ಲಕ್ಷ ಜೋಡಿ, 10 ಕೋಟಿ ತಪಾಸಣೆ, ಅದೂ ಒಂದು ಸುತ್ತಿಗೆ. ಆದ್ದರಿಂದ ನಕ್ಷೆಯನ್ನು ದೊಡ್ಡ ಪೆಟ್ಟಿಗೆಗಳಾಗಿ ವಿಂಗಡಿಸಿ, ದೃಷ್ಟಿಯ ವ್ಯಾಪ್ತಿಯೊಳಗಿನ ಪೆಟ್ಟಿಗೆಗಳನ್ನು ಮಾತ್ರ ನೋಡುವುದು, ಇಬ್ಬರೂ ಅಲುಗದಿದ್ದರೆ ಹಿಂದಿನ ಉತ್ತರವನ್ನೇ ಇಟ್ಟುಕೊಳ್ಳುವುದು ರೂಢಿ.

ಗೆರೆ ತೆರವಾಗಿದ್ದ ಮಾತ್ರಕ್ಕೆ ಕಂಡಂತಲ್ಲ. 1958ರಲ್ಲಿ ಜಾನ್ಸನ್ ಎಂಬ ವಿಜ್ಞಾನಿ ಕೊಟ್ಟ ಅಳತೆಗೋಲು ಇಂದಿಗೂ ಜೀವಂತ: ಗುರಿಯ ಚಿಕ್ಕ ಅಳತೆಯ ಉದ್ದಕ್ಕೆ ದರ್ಶಕ ಉಪಕರಣ ಒಂದು ಜೋಡಿ ಗೆರೆಯನ್ನು ಬಿಡಿಸಿ ತೋರಿಸಬಲ್ಲದಾದರೆ ‘ಏನೋ ಇದೆ’, ನಾಲ್ಕು ಜೋಡಿಯಾದರೆ ‘ಅದು ಟ್ಯಾಂಕು’, ಆರಕ್ಕೂ ಸ್ವಲ್ಪ ಹೆಚ್ಚಾದರೆ ‘ಇಂಥದೇ ಟ್ಯಾಂಕು’. ಜೇನಸ್ ಮಾದರಿಯ ಶೋಧನೆಯ ಲೆಕ್ಕ ಇದೇ ಮನೆತನದ್ದು. ಗುರುತಿಸುವ ಹಂತ ತಲುಪುವ ಮುಂಚೆಯೇ ಗುಂಡು ಹಾರಿಸಲು ಬಿಟ್ಟರೆ ಸ್ವಂತ ಪಡೆಯ ಮೇಲೇ ಗುಂಡು ಬೀಳುತ್ತದೆ. ಅದೂ ನಿಜವಾಗಿ ನಡೆಯುವ ಸಂಗತಿಯೇ, ಮಾದರಿಯಲ್ಲಿ ಇರಲೇಬೇಕು.

ಈಗ ಅಡಿಕೆ ತೋಟ. ಉಪಗ್ರಹದ ನೆಲಬಳಕೆ ನಕ್ಷೆ ಇದನ್ನು ಸಾಮಾನ್ಯವಾಗಿ ‘ಮರಗಳು’ ಎಂದು ಒಂದೇ ಬಣ್ಣ ಬಳಿದು ಮುಗಿಸುತ್ತದೆ. ಆದರೆ ತೋಟವನ್ನು ಲೆಕ್ಕ ಹಾಕಬಹುದು. ಗಿಡದಿಂದ ಗಿಡಕ್ಕೆ ಒಂಬತ್ತು ಅಡಿ, ಅಂದರೆ ಸುಮಾರು 2.7 ಮೀಟರ್, ಹೆಕ್ಟೇರಿಗೆ 1,370 ಮರ. ಕಾಂಡದ ದಪ್ಪ 15 ಸೆಂ.ಮೀ. ಎಂದಿಟ್ಟುಕೊಳ್ಳಿ. ಮರಗಳು ಅಡ್ಡಾದಿಡ್ಡಿ ಇದ್ದವೆಂದು ಭಾವಿಸಿದರೆ, ದೃಷ್ಟಿಯ ಗೆರೆಯೊಂದು ಕಾಂಡಕ್ಕೆ ತಾಗುವ ಮೊದಲು ಸಾಗುವ ಸರಾಸರಿ ದೂರ ಎಂದರೆ ಒಂದನ್ನು ಚದರ ಮೀಟರಿಗೆ ಇರುವ ಮರದ ಸಂಖ್ಯೆ ಮತ್ತು ಕಾಂಡದ ದಪ್ಪದ ಗುಣಲಬ್ಧದಿಂದ ಭಾಗಿಸಿದ್ದು: ಸುಮಾರು 49 ಮೀಟರ್. ನೂರು ಮೀಟರ್ ಆಚೆಗೆ ಗೆರೆ ತೆರವಾಗಿರುವ ಸಂಭವ ನೂರಕ್ಕೆ 13. ಆದರೆ ಅಡಿಕೆ ಮರಗಳು ಅಡ್ಡಾದಿಡ್ಡಿ ಇರುವುದಿಲ್ಲವಲ್ಲ! ಸಾಲು ಹಿಡಿದು ನೋಡಿದರೆ ತೋಟದ ಆ ತುದಿಯ ಬೇಲಿ ಕಾಣುತ್ತದೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಓರೆಯಾಗಿ ನೋಡಿದರೆ ಕಾಂಡಗಳೆಲ್ಲ ಒಂದಕ್ಕೊಂದು ಸೇರಿ ಗೋಡೆ. ಜತೆಗೆ ಮೇಲಿನ ಸೋಗೆಯ ಚಪ್ಪರದಿಂದ ಹೆಲಿಕಾಪ್ಟರಿಗೆ ಒಳಗಿನದು ಕಾಣದು, ಆದರೆ ನೆಲಮಟ್ಟದಲ್ಲಿ ಕಾಣುತ್ತದೆ. ನಿತ್ಯಹರಿದ್ವರ್ಣ ಕಾಡಿನ ಪೊದೆಯಲ್ಲಿ ಹಾಗಲ್ಲ, ನೆಲಮಟ್ಟದಲ್ಲೂ ಏನೂ ಕಾಣದು. ಎರಡನ್ನೂ ‘ಮರಗಳು’ ಎಂದು ಒಂದೇ ಅಂಕಿ ಕೊಟ್ಟ ಮಾದರಿ ಎರಡು ಕಡೆಯೂ ಸುಳ್ಳು ಹೇಳುತ್ತದೆ. ಅಡಿಕೆಗೆ ದಿಕ್ಕಿನ ಮೇಲೆ ಅವಲಂಬಿಸುವ ದೃಷ್ಟಿ, ಕಾಡಿಗೆ ಎತ್ತರದ ಮೇಲೆ ಅವಲಂಬಿಸುವ ದೃಷ್ಟಿ, ಬೇರೆ ಬೇರೆ ಸಂಕೇತ ಕೊಡಬೇಕು.

ತೋಟದ ಒಳಗೆ ವಾಹನ ಓಡುವುದೂ ಇಲ್ಲ. ಸಾಲುಗಳ ನಡುವೆ ಬಸಿಗಾಲುವೆ ಇರುತ್ತದೆ, ಮಣ್ಣು ಸದಾ ತೇವ. ಇಳಿಜಾರನ್ನಷ್ಟೇ ನೋಡುವ ಮಾದರಿಗೆ ಕಣಿವೆಯ ತಳದ ತೋಟ ಸಮತಟ್ಟು ನೆಲ, ಒಳ್ಳೆಯ ದಾರಿ! ಹಾಗೆಯೇ ಗದ್ದೆ: ಫೆಬ್ರುವರಿಯಲ್ಲಿ ಬಿರುಕು ಬಿಟ್ಟ ಗಟ್ಟಿ ನೆಲ, ಜುಲೈನಲ್ಲಿ ಮೊಣಕಾಲುದ್ದ ಕೆಸರು. ಚಲನೆಯ ಕೋಷ್ಟಕಕ್ಕೆ ತಿಂಗಳಿನ ಕಂಬಸಾಲು ಇಲ್ಲದಿದ್ದರೆ, ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಯುವ ಆಗುಂಬೆಯಲ್ಲಿ ಅದು ನಿಷ್ಪ್ರಯೋಜಕ.

ಘಾಟಿಯಲ್ಲಿ ಲೆಕ್ಕ ಬದಲಾಗುವ ಬಗೆ

60 ವಾಹನಗಳ ಸಾಲು. ವಾಹನದ ಉದ್ದ 8 ಮೀಟರ್, ನಡುವಿನ ಅಂತರ 50 ಮೀಟರ್. ಒಟ್ಟು ಸುಮಾರು ಮೂರೂವರೆ ಕಿ.ಮೀ. ಘಾಟಿಯಲ್ಲಿ ಗಂಟೆಗೆ 12 ಕಿ.ಮೀ. ಎಂದರೆ ನಿಮಿಷಕ್ಕೆ 200 ಮೀಟರ್. ಒಂದು ತಿರುವನ್ನು ಸಾಲು ಪೂರ್ತಿ ದಾಟಲು 17 ನಿಮಿಷಕ್ಕೂ ಹೆಚ್ಚು ಬೇಕು. ಷಟ್ಕೋನದ ಮಾದರಿಯಲ್ಲಿ ಬೆಟಾಲಿಯನ್ ಒಂದು ಚುಕ್ಕಿ; ಚುಕ್ಕಿ ಮೇಲೆ ತಲುಪಿದರೆ ಬೆಟಾಲಿಯನ್ ತಲುಪಿತು. ವಾಸ್ತವದಲ್ಲಿ ಮುಂದಿನ ವಾಹನ ತುದಿ ಮುಟ್ಟಿದಾಗ ಕೊನೆಯದು ಇನ್ನೂ ಹಲವು ತಿರುವು ಕೆಳಗಿದೆ. ಒಂದು ಲಾರಿ ತಿರುವಿನಲ್ಲಿ ಕೆಟ್ಟು ನಿಂತರೆ, ಒಂದು ಧರೆ ಜರಿದರೆ, ಹಿಂದಿನದೆಲ್ಲ ನಿಂತಲ್ಲೇ ನಿಲ್ಲಬೇಕು. ಪಕ್ಕಕ್ಕೆ ಸರಿಯುವ ಜಾಗ ಇಲ್ಲ. ಆದ್ದರಿಂದ ಘಾಟಿ ರಸ್ತೆಯನ್ನು ನೆಲದ ಚೌಕವಾಗಿ ನೋಡಬಾರದು, ಕೊಳವೆಯಾಗಿ ನೋಡಬೇಕು: ನಿಮಿಷಕ್ಕೆ ಇಷ್ಟು ವಾಹನ ಎಂಬ ಸಾಮರ್ಥ್ಯ, ಕೆಟ್ಟು ನಿಲ್ಲುವ ಸಂಭವ, ತೆರವಿಗೆ ಹಿಡಿಯುವ ಸಮಯ, ಸೇತುವೆ ತಾಳುವ ಭಾರ, ಇಷ್ಟನ್ನೂ ಒಂದೊಂದು ತುಂಡಿಗೆ ಬರೆಯಬೇಕು. ರಸ್ತೆಜಾಲದ ಕಡತ ಯಾವ ವರ್ಷದ್ದು ಎಂಬುದನ್ನೂ ನೋಡಿ. 2025ರ ಜುಲೈಗೆ ಮೊದಲಿನ ಕಡತದಲ್ಲಿ ಶರಾವತಿ ಹಿನ್ನೀರನ್ನು ಸಿಗಂದೂರಿನ ಬಳಿ ದಾಟಲು ಲಾಂಚ್ ಬಿಟ್ಟರೆ ಗತಿ ಇಲ್ಲ. ಈಗ ಸೇತುವೆ ಇದೆ. ಒಂದು ಗೆರೆಯ ವ್ಯತ್ಯಾಸಕ್ಕೆ ಸುತ್ತುದಾರಿಯ ಲೆಕ್ಕವೆಲ್ಲ ಬದಲು.

ಇನ್ನು ಸವೆತದ ಲೆಕ್ಕ. ಲ್ಯಾಂಚೆಸ್ಟರನ ವರ್ಗ ನಿಯಮದ ಪ್ರಕಾರ, ಎಲ್ಲರಿಗೂ ಎಲ್ಲರೂ ಕಾಣುವಾಗ, ಎಲ್ಲರೂ ಗುರಿಯಿಟ್ಟು ಹೊಡೆಯುವಾಗ, ಬಲ ಸಂಖ್ಯೆಯ ವರ್ಗದಂತೆ ಬೆಳೆಯುತ್ತದೆ. ಸಮಾನ ಗುಣದ 1000 ಮತ್ತು 800 ಎದುರಾದರೆ, 800 ಪೂರ್ತಿ ಮುಗಿಯುವ ಹೊತ್ತಿಗೆ ದೊಡ್ಡ ಪಡೆಯಲ್ಲಿ 600 ಉಳಿದಿರುತ್ತದೆ: ಹತ್ತು ಲಕ್ಷದಲ್ಲಿ ಆರು ಲಕ್ಷ ನಲವತ್ತು ಸಾವಿರ ಕಳೆದರೆ ಮೂರು ಲಕ್ಷ ಅರವತ್ತು ಸಾವಿರ, ಅದರ ವರ್ಗಮೂಲ 600. ಎರಡು ಪಟ್ಟು ಸಂಖ್ಯೆಯನ್ನು ಸರಿಗಟ್ಟಲು ನಾಲ್ಕು ಪಟ್ಟು ಒಳ್ಳೆಯ ಆಯುಧ ಬೇಕು. ಆದರೆ ಘಾಟಿಯಲ್ಲಿ ಮುಂದಿನ ನಾಲ್ಕಾರು ವಾಹನಗಳಿಗೆ ಮಾತ್ರ ಶತ್ರು ಕಾಣುತ್ತದೆ, ಹಿಂದಿನವರು ತಮ್ಮ ಮುಂದಿನ ವಾಹನದ ಬೆನ್ನು ನೋಡುತ್ತಿರುತ್ತಾರೆ. ಆಗ ಸವೆತ ಸರಳ ನಿಯಮದ ಹತ್ತಿರ ಬರುತ್ತದೆ, ಒಂದಕ್ಕೆ ಒಂದು. ಅದೇ 1000 ಮತ್ತು 800ರಲ್ಲಿ ಕೊನೆಗೆ ಉಳಿಯುವುದು 600 ಅಲ್ಲ, 200. ಹೊಂಚುದಾಳಿಯಲ್ಲಿ ಇನ್ನೂ ಕೆಡುತ್ತದೆ. ಮೇಲಿದ್ದವನು ಗುರಿಯಿಟ್ಟು ಹೊಡೆಯುತ್ತಾನೆ, ಕೆಳಗಿದ್ದವನು ಕಾಡಿನ ಕಡೆಗೆ ಅಂದಾಜಿನ ಮೇಲೆ ಹೊಡೆಯುತ್ತಾನೆ. ಈ ಅಸಮ ಲೆಕ್ಕವನ್ನು 1962ರಲ್ಲಿ ಡೈಚ್‌ಮನ್ ಗೆರಿಲ್ಲಾ ಕಾದಾಟಕ್ಕೆ ಬಿಡಿಸಿಟ್ಟ. ಕೆಲವೇ ಜನ ದೊಡ್ಡ ಸಾಲನ್ನು ತಡೆಯಬಲ್ಲರು ಎಂಬುದು ಅಲ್ಲಿ ಸಮೀಕರಣದಿಂದಲೇ ಹೊರಬರುತ್ತದೆ.

ಬಯಲಿನಲ್ಲಿ ಹೊಂದಿಸಿದ ವರ್ಗ ನಿಯಮದ ಗುಣಾಂಕಗಳನ್ನು ಹಾಗೇ ತಂದು ಆಗುಂಬೆಗೆ ಹಾಕಿದರೆ, ಪ್ರತಿ ಸಲವೂ ಹೆಚ್ಚು ಸಂಖ್ಯೆಯವರೇ ಸುಲಭವಾಗಿ ಗೆಲ್ಲುತ್ತಾರೆ. ಮಾದರಿ ಎಲ್ಲೂ ದೋಷ ತೋರಿಸುವುದಿಲ್ಲ, ಪರದೆಯ ಮೇಲೆ ಅಚ್ಚುಕಟ್ಟಾದ ವಕ್ರರೇಖೆ ಬರುತ್ತದೆ. ಅಪಾಯ ಇರುವುದು ಅಲ್ಲೇ.

ಗಡಿಯಾರದ ತಪ್ಪುಗಳು

ನೆಲದ ಪಡೆಗೆ 10 ಸೆಕೆಂಡಿಗೆ ಒಮ್ಮೆ ಲೆಕ್ಕ ಮಾಡಿದರೆ ಬೇಕಾದಷ್ಟಾಯಿತು. ವಿಮಾನಕ್ಕೆ? ಸೆಕೆಂಡಿಗೆ 250 ಮೀಟರ್ ಹಾರುವ ವಿಮಾನ 10 ಸೆಕೆಂಡಿನಲ್ಲಿ ಎರಡೂವರೆ ಕಿ.ಮೀ. ಜಿಗಿಯುತ್ತದೆ. ಎರಡು ಗುಡ್ಡಗಳ ನಡುವೆ ಒಂದೂವರೆ ಕಿ.ಮೀ. ಕಂಡಿ ಇದ್ದರೆ ಅದು ಕಾಣುವುದು ಆರೇ ಸೆಕೆಂಡು. ಹಿಂದಿನ ಲೆಕ್ಕದಲ್ಲಿ ಈ ಗುಡ್ಡದ ಹಿಂದೆ, ಮುಂದಿನ ಲೆಕ್ಕದಲ್ಲಿ ಆ ಗುಡ್ಡದ ಹಿಂದೆ. ವಿಮಾನ ನಿರೋಧಕ ತೋಪಿನವನಿಗೆ ವಿಮಾನ ಬಂದೇ ಇಲ್ಲ. ಬಯಲಿನಲ್ಲಿ ಈ ತಪ್ಪು ಗೊತ್ತಾಗುವುದಿಲ್ಲ, ಅಲ್ಲಿ ವಿಮಾನ ನಿಮಿಷಗಟ್ಟಲೆ ಕಾಣುತ್ತದೆ. ಪರಿಹಾರ ಎಂದರೆ ಗಡಿಯಾರವನ್ನೇ ಘಟನೆಗಳ ಮೇಲೆ ನಡೆಸುವುದು: ‘ಕಂಡಿಗೆ ಬರುವ ಕ್ಷಣ’, ‘ಮರೆಯಾಗುವ ಕ್ಷಣ’ ಇವನ್ನು ಮೊದಲೇ ಲೆಕ್ಕ ಹಾಕಿ ಸಾಲಿನಲ್ಲಿ ಇಡುವುದು.

ಇನ್ನೊಂದು ತಪ್ಪು ಕಂಡುಹಿಡಿಯಲು ಕಷ್ಟ. ಪ್ರತಿ ಸುತ್ತಿನಲ್ಲಿ ಪಟ್ಟಿಯ ಕ್ರಮದಲ್ಲಿ ಮೊದಲು ನೀಲಿ ಪಡೆಯ ಗುಂಡು, ಆಮೇಲೆ ಕೆಂಪು ಪಡೆಯ ಗುಂಡು ಎಂದು ಬರೆದರೆ, ಸತ್ತವರು ತಿರುಗಿ ಹೊಡೆಯಲಾರದ್ದರಿಂದ ನೀಲಿಗೆ ಪುಕ್ಕಟೆ ಲಾಭ. ಎಲ್ಲರ ಗುಂಡನ್ನೂ ಮೊದಲು ಸಂಗ್ರಹಿಸಿ, ನಷ್ಟವನ್ನು ಕೊನೆಗೆ ಒಟ್ಟಿಗೆ ಹಚ್ಚಬೇಕು. ಪರೀಕ್ಷೆ ಸುಲಭ: ಎರಡೂ ಪಡೆಗಳನ್ನು ತದ್ರೂಪಿ ಮಾಡಿ, ಸಮತಟ್ಟು ನೆಲದಲ್ಲಿ 400 ಸಲ ಓಡಿಸಿ. ಗೆಲುವು ಅರ್ಧಕ್ಕರ್ಧ ಬರಬೇಕು, ಹೆಚ್ಚೆಂದರೆ ನೂರಕ್ಕೆ ಐದರಷ್ಟು ಆಚೀಚೆ. 30 ಸಲ ಮಾತ್ರ ಓಡಿಸಿದರೆ ಆಚೀಚೆಯೇ ನೂರಕ್ಕೆ 18, ಏನೂ ತಿಳಿಯುವುದಿಲ್ಲ. ಪ್ರತಿ ಓಟದ ಯಾದೃಚ್ಛಿಕ ಸಂಖ್ಯೆಗಳ ಬೀಜವನ್ನು, ಅಂದರೆ ಅವು ಹುಟ್ಟಲು ಶುರುವಾಗುವ ಸಂಖ್ಯೆಯನ್ನು, ದಾಖಲೆಯಲ್ಲಿ ಬರೆದಿಡಿ. ವಿಚಿತ್ರ ಫಲಿತಾಂಶ ಬಂದಾಗ ಅದೇ ಓಟವನ್ನು ಮತ್ತೆ ನಡೆಸಿ ನೋಡಲು ಬೇರೆ ದಾರಿಯಿಲ್ಲ. ಹತ್ತು ಟ್ಯಾಂಕುಗಳು ‘ಹತ್ತಿರದ ಶತ್ರು’ ಎಂದು ಒಂದೇ ಗುರಿಯ ಮೇಲೆ ಹತ್ತೂ ಗುಂಡು ಸುರಿದು ಉಳಿದ ಒಂಬತ್ತನ್ನು ಬಿಟ್ಟುಬಿಡುವುದೂ ಇಂಥ ಮರುನೋಟದಲ್ಲೇ ಸಿಕ್ಕಿಬೀಳುತ್ತದೆ.

ಆಕಾಶದಲ್ಲಿ

ವಾಯುಯುದ್ಧದ ದೊಡ್ಡ ಲೆಕ್ಕ ಹಾರಾಟದ ಸಂಖ್ಯೆಯದು. 16 ವಿಮಾನ, ನಾಲ್ಕರಲ್ಲಿ ಮೂರು ಸಿದ್ಧ, ದಿನಕ್ಕೆ ಮೂರು ಸಲ: 36 ಹಾರಾಟ. ಜುಲೈ ತಿಂಗಳಲ್ಲಿ ಘಟ್ಟದ ನೆತ್ತಿಯನ್ನು ಮೋಡ ಮುಚ್ಚಿರುವಾಗ ಬಾಂಬಿಗೆ ದಾರಿ ತೋರುವ ಲೇಸರ್ ಕಿರಣ ಗುರಿ ಮುಟ್ಟದು, ಆ 36ರಲ್ಲಿ ಎಷ್ಟೋ ಬರಿಗೈಯಲ್ಲಿ ಮರಳುತ್ತವೆ. ಹವೆಯ ಪದರವನ್ನು ಇಡೀ ನಕ್ಷೆಗೆ ಒಂದೇ ಎಂದು ಇಡುವ ಮಾದರಿಗಳು ಇಲ್ಲಿ ಸೋಲುತ್ತವೆ. ಆಗುಂಬೆಯಲ್ಲಿ ಧೋ ಎಂದು ಸುರಿಯುವಾಗ ಶಿವಮೊಗ್ಗದ ಕಡೆ ಬಿಸಿಲಿರಬಹುದು.

ರೇಡಾರಿಗೆ ಬಯಲಿನಲ್ಲಿ ಒಂದು ಸರಳ ಸೂತ್ರ ಇದೆ: ರೇಡಾರಿನ ಎತ್ತರದ ವರ್ಗಮೂಲಕ್ಕೆ ಗುರಿಯ ಎತ್ತರದ ವರ್ಗಮೂಲ ಕೂಡಿಸಿ 4.12ರಿಂದ ಗುಣಿಸಿ. 16 ಮೀಟರಿನ ರೇಡಾರ್, 100 ಮೀಟರಿನಲ್ಲಿ ಹಾರುವ ವಿಮಾನ ಎಂದರೆ ಸುಮಾರು 58 ಕಿ.ಮೀ. ಈಗ ಅದೇ ರೇಡಾರನ್ನು ಕೊಡಚಾದ್ರಿಯಿಂದ 15 ಕಿ.ಮೀ. ಪೂರ್ವಕ್ಕೆ, 600 ಮೀಟರ್ ಎತ್ತರದ ನೆಲದಲ್ಲಿ ಇಡಿ. ಕೊಡಚಾದ್ರಿಯ ನೆತ್ತಿ 1,343 ಮೀಟರ್. ಆ ದಿಕ್ಕಿನಲ್ಲಿ ಸುಮಾರು ಮೂರು ಡಿಗ್ರಿ ಕೋನದವರೆಗೆ ಬೆಟ್ಟವೇ ಅಡ್ಡ. ಅಲೆ ಬಾಗುವುದನ್ನೂ ಭೂಮಿಯ ವಕ್ರತೆಯನ್ನೂ ಸೇರಿಸಿದರೆ, 40 ಕಿ.ಮೀ. ದೂರದಲ್ಲಿ ಸಮುದ್ರಮಟ್ಟದಿಂದ 2,600 ಮೀಟರಿಗಿಂತ ಕೆಳಗೆ ಹಾರುವ ಯಾವುದೂ ಕಾಣದು. ಸೂತ್ರವನ್ನು ಎಸೆದು, ರೇಡಾರ್ ಇಟ್ಟ ಜಾಗದಿಂದ 360 ದಿಕ್ಕಿಗೂ ಮರೆಯ ಕೋನವನ್ನು ಒಮ್ಮೆ ಲೆಕ್ಕ ಹಾಕಿ ಪಟ್ಟಿಯಾಗಿ ಇಟ್ಟುಕೊಂಡರೆ, ಆಮೇಲೆ ಪ್ರತಿ ವಿಮಾನಕ್ಕೆ ಒಂದೇ ಹೋಲಿಕೆ ಸಾಕು.

ಎರಡು ಗಣಕ, ಎರಡು ನೆಲ

ದೊಡ್ಡ ಕಸರತ್ತು ಒಂದೇ ತಂತ್ರಾಂಶದಲ್ಲಿ ನಡೆಯುವುದಿಲ್ಲ. ನೆಲಸೇನೆಯದು ಒಂದು, ವಾಯುಸೇನೆಯದು ಇನ್ನೊಂದು, ಪೈಲಟ್ ಕೂರುವ ಸಿಮ್ಯುಲೇಟರ್ ಮತ್ತೊಂದು, ಎಲ್ಲವೂ ಜಾಲದಲ್ಲಿ ಸೇರುತ್ತವೆ. 1983ರಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ಶುರುಮಾಡಿದ ‘ಸಿಮ್‌ನೆಟ್’ ಇದಕ್ಕೆ ದಾರಿ ಹಾಕಿತು. ಅದರಿಂದ, ಬೇರೆ ಬೇರೆ ಸಿಮ್ಯುಲೇಟರುಗಳು ಮಾತಾಡಿಕೊಳ್ಳುವ ನಿಯಮಗಳಾಗಿ, 1993ರಲ್ಲಿ ಡಿಐಎಸ್ ಎಂಬ ಮಾನಕ, 2000ದಲ್ಲಿ ಎಚ್‌ಎಲ್‌ಎ ಎಂಬ ಮಾನಕ ಬಂದವು. 1991ರ ಫೆಬ್ರುವರಿ 26ರಂದು ಇರಾಕಿನ ಮರುಭೂಮಿಯಲ್ಲಿ ನಡೆದ 73 ಈಸ್ಟಿಂಗ್ ಟ್ಯಾಂಕ್ ಕಾಳಗವನ್ನು, ಕದನಭೂಮಿಯನ್ನು ಅಳೆದು, ಹೋರಾಡಿದವರನ್ನು ಕೇಳಿ, ಸಿಮ್‌ನೆಟ್ ವ್ಯವಸ್ಥೆಯಲ್ಲಿ ಮರುಸೃಷ್ಟಿಸಿದರು. ಅದು ಮರುಭೂಮಿ ಎಂಬುದನ್ನು ಮತ್ತೊಮ್ಮೆ ಗಮನಿಸಿ.

ಡಿಐಎಸ್‌ನಲ್ಲಿ ಪ್ರತಿ ವಾಹನವೂ ‘ನಾನು ಇಲ್ಲಿದ್ದೇನೆ, ಈ ದಿಕ್ಕಿಗೆ, ಈ ವೇಗದಲ್ಲಿ’ ಎಂದು ಸಂದೇಶ ಕಳಿಸುತ್ತದೆ. ಪ್ರತಿ ಕ್ಷಣ ಕಳಿಸಿದರೆ ಜಾಲ ಕಟ್ಟಿಕೊಳ್ಳುತ್ತದೆ. ಹಾಗಾಗಿ ಉಳಿದ ಗಣಕಗಳು ಹಳೆಯ ಸಂದೇಶದ ಮೇಲೆ ಅದರ ಜಾಗವನ್ನು ಊಹಿಸಿಕೊಳ್ಳುತ್ತವೆ. ಊಹೆಗೂ ನಿಜಕ್ಕೂ 1 ಮೀಟರ್ ಅಥವಾ 3 ಡಿಗ್ರಿ ವ್ಯತ್ಯಾಸ ಬಂದರೆ ಹೊಸ ಸಂದೇಶ. ಏನೂ ಬದಲಾಗದಿದ್ದರೂ 5 ಸೆಕೆಂಡಿಗೊಮ್ಮೆ ಜೀವಂತ ಇರುವ ಸುಳಿವು. 12 ಸೆಕೆಂಡು ಸುದ್ದಿಯೇ ಇಲ್ಲದಿದ್ದರೆ ಪಟ್ಟಿಯಿಂದ ಹೊರಗೆ. ಇವು ಮಾನಕದ ರೂಢಿಯ ಅಂಕಿಗಳು. ನೇರ ರಸ್ತೆಯಲ್ಲಿ ಈ ಉಪಾಯ ಚೆನ್ನಾಗಿ ನಡೆಯುತ್ತದೆ. ಘಾಟಿಯ ತಿರುವಿನಲ್ಲಿ ದಿಕ್ಕು ಎಡೆಬಿಡದೆ ಬದಲಾಗುವುದರಿಂದ 60 ವಾಹನಗಳೂ ಒಂದರ ಹಿಂದೆ ಒಂದು ಸಂದೇಶ ಸುರಿಸುತ್ತವೆ. ಜಾಲ ಉಸಿರು ಹಿಡಿದಾಗ ಕೆಲವು ಸಂದೇಶ ಕಳೆದುಹೋಗಿ, ಊಹೆಯ ಮೇಲೆ ನೇರ ಸಾಗಿದ ಲಾರಿ ತಡೆಗೋಡೆ ದಾಟಿ ಕಣಿವೆಯ ಮೇಲೆ ತೇಲುತ್ತಿರುತ್ತದೆ. ಮುಂದಿನ ಸಂದೇಶ ಬಂದಾಗ ತಟ್ಟನೆ ರಸ್ತೆಗೆ ಜಿಗಿಯುತ್ತದೆ.

ತೇಲುವುದಕ್ಕೆ ಇನ್ನೊಂದು ಕಾರಣವೂ ಉಂಟು, ಅದು ದಕ್ಷಿಣ ಭಾರತದಲ್ಲಿ ವಿಶೇಷವಾಗಿ ಕಾಡುತ್ತದೆ. ಡಿಐಎಸ್ ಜಾಗವನ್ನು ಭೂಮಿಯ ಕೇಂದ್ರದಿಂದ ಅಳೆಯುತ್ತದೆ. ಅದರ ಆಧಾರ ಜಿಪಿಎಸ್ ಬಳಸುವ ನಯವಾದ ದೀರ್ಘಗೋಳ. ಎಸ್‌ಆರ್‌ಟಿಎಂ ಎತ್ತರ ಅಳೆಯುವುದು ಸಮುದ್ರಮಟ್ಟಕ್ಕೆ ಸಮನಾದ, ಜಿಯಾಯ್ಡ್ ಎಂಬ ಕಲ್ಪಿತ ಮೇಲ್ಮೈಯಿಂದ. ನಮ್ಮ ಭಾಗದಲ್ಲಿ ಜಿಯಾಯ್ಡ್ ಆ ದೀರ್ಘಗೋಳಕ್ಕಿಂತ 80 ಮೀಟರಿಗೂ ಹೆಚ್ಚು ಕೆಳಗಿದೆ. ಒಂದು ತಂತ್ರಾಂಶ ಈ ತಿದ್ದುಪಡಿ ಮಾಡಿ, ಇನ್ನೊಂದು ಮಾಡದಿದ್ದರೆ, ಒಬ್ಬರ ಟ್ಯಾಂಕು ಇನ್ನೊಬ್ಬರ ಪರದೆಯಲ್ಲಿ ಆಕಾಶದಲ್ಲಿ ನಿಂತಿರುತ್ತದೆ, ಅತ್ತಲಿಂದ ಇತ್ತ ಬಂದ ಹೆಲಿಕಾಪ್ಟರ್ ಗುಡ್ಡದ ಹೊಟ್ಟೆಯೊಳಗೆ ಹೂತಿರುತ್ತದೆ. ಕಸರತ್ತಿನ ಹಿಂದಿನ ದಿನವೇ ಆಗುಂಬೆ, ಸೋಮೇಶ್ವರ, ಕೊಡಚಾದ್ರಿಯಂಥ ಐದಾರು ಗುರುತಿನ ಜಾಗಗಳಲ್ಲಿ ಒಂದೊಂದು ವಾಹನ ನಿಲ್ಲಿಸಿ, ಎಲ್ಲ ತಂತ್ರಾಂಶಗಳಲ್ಲೂ ಅದರ ಎತ್ತರ ಓದಿ ಹೋಲಿಸಬೇಕು. ಅದೇ ರೀತಿ ಒಂದು ಗಣಕದಲ್ಲಿ ಗುಡ್ಡ 30 ಮೀಟರಿನ ಚೌಕದಿಂದ, ಇನ್ನೊಂದರಲ್ಲಿ 90 ಮೀಟರಿನ ಚೌಕದಿಂದ ಆಗಿದ್ದರೆ, ಮೊದಲಿನವನು ದಿಬ್ಬದ ಮರೆಯಲ್ಲಿ ಸುರಕ್ಷಿತ ಎಂದುಕೊಂಡಿರುತ್ತಾನೆ, ಎರಡನೆಯವನಿಗೆ ದಿಬ್ಬವೇ ಇಲ್ಲ. ಇಂಥ ಕಾಳಗದ ಗೆಲುವು ಸೋಲಿಗೆ ಅರ್ಥವಿಲ್ಲ.

ಚುಕ್ಕಿಯಾಗಿದ್ದ ಬೆಟಾಲಿಯನ್ ಬಿಡಿ ವಾಹನಗಳಾಗಿ ಒಡೆಯುವ ಕ್ಷಣವೂ ಹೀಗೆಯೇ. ತಂತ್ರಾಂಶದ ಬಳಿ ಒಂದು ಅಚ್ಚು ಇರುತ್ತದೆ: ಇಷ್ಟು ಮುಂದೆ, ಇಷ್ಟು ಎಡಕ್ಕೆ. ಅಚ್ಚನ್ನು ಲಿಂಗನಮಕ್ಕಿ ಹಿನ್ನೀರಿನ ದಡದಲ್ಲಿ ಒತ್ತಿದರೆ ಅರ್ಧ ವಾಹನಗಳು ನೀರೊಳಗೆ. ಆ ನೀರಿನ ಅಂಚೂ ಮಳೆಗಾಲಕ್ಕೊಂದು, ಬೇಸಿಗೆಗೊಂದು. ಪ್ರತಿ ವಾಹನವನ್ನೂ ಹತ್ತಿರದ ನಿಲ್ಲಬಹುದಾದ ಚೌಕಕ್ಕೆ ಸರಿಸುವ ನಿಯಮ ಬೇಕೇ ಬೇಕು.

ಬಿದನೂರಿನ ಪರೀಕ್ಷೆ

ಮಾದರಿ ಸರಿಯೇ ಎಂದು ನೋಡಲು ಹಳೆಯ ಯುದ್ಧವನ್ನು ಅದರೊಳಗೆ ಓಡಿಸುತ್ತಾರೆ. ಎರಡನೇ ಮಹಾಯುದ್ಧದ ಐವೊ ಜಿಮಾ ದ್ವೀಪದ ಕದನಕ್ಕೆ ವರ್ಗ ನಿಯಮ ಹೊಂದುತ್ತದೆಂದು 1954ರಲ್ಲಿ ಎಂಗೆಲ್ ತೋರಿಸಿದ್ದು ಈ ದಾರಿಯಲ್ಲಿ ಹೆಸರಾದ ಕೆಲಸ. ಮಲೆನಾಡಿನ ಮಾದರಿಗೆ ಮಲೆನಾಡಿನದೇ ಯುದ್ಧ ಬೇಕು, ಅದು 1783ರಲ್ಲಿದೆ. ಹೈದರಾಲಿ 1782ರ ಡಿಸೆಂಬರಿನಲ್ಲಿ ತೀರಿಕೊಂಡ. ಮರು ತಿಂಗಳು ಈಸ್ಟ್ ಇಂಡಿಯಾ ಕಂಪನಿಯ ಜನರಲ್ ಮ್ಯಾಥ್ಯೂಸ್ ಕುಂದಾಪುರದ ಕಡೆಯಿಂದ ಹೊಸಂಗಡಿ ಘಾಟಿ ಹತ್ತಿದ. ಬಿದನೂರಿನ (ಈಗಿನ ನಗರ) ಕೋಟೆಯನ್ನು ಅಲ್ಲಿನ ಅಧಿಕಾರಿ ಅಯಾಜ್ ಖಾನ್ ಕದನವಿಲ್ಲದೆ ಒಪ್ಪಿಸಿದ. ಏಪ್ರಿಲ್ ಹೊತ್ತಿಗೆ ಟಿಪ್ಪು ದೊಡ್ಡ ಸೈನ್ಯದೊಂದಿಗೆ ಬಂದು, ಘಾಟಿಗಳನ್ನು ಹಿಡಿದು ಕರಾವಳಿಯ ಸಂಪರ್ಕ ಕತ್ತರಿಸಿ, ಕೋಟೆಯನ್ನು ಮುತ್ತಿದ. ಮ್ಯಾಥ್ಯೂಸನ ಪಡೆ ಶರಣಾಯಿತು.

ಇದನ್ನು ಕುಂದಾಪುರ, ಹೊಸಂಗಡಿ, ಘಾಟಿ, ನಗರ ಎಂಬ ನಾಲ್ಕು ಗಂಟುಗಳ ಸರಬರಾಜು ಜಾಲವಾಗಿ ಬರೆದು ಓಡಿಸಿ. ಏಪ್ರಿಲ್ ಭಾಗ ಸರಿಯಾಗಿ ಬರುತ್ತದೆ: ಘಾಟಿಯ ಗೆರೆ ಅಳಿಸಿದ ದಿನದಿಂದ ಕೋಟೆಯೊಳಗಿನ ದಾಸ್ತಾನು ಮಾತ್ರ ಉಳಿಯುತ್ತದೆ, ಅದು ದಿನದಿನಕ್ಕೆ ಇಳಿಯುತ್ತದೆ. ಸವೆತದ ಸಮೀಕರಣವನ್ನು ಮುಟ್ಟುವ ಅಗತ್ಯವೇ ಹೆಚ್ಚು ಬೀಳದು. ಆದರೆ ಜನವರಿ ಭಾಗವನ್ನು ಯಾವ ಗುಣಾಂಕ ಹಾಕಿದರೂ ಹುಟ್ಟಿಸಲಾಗದು. ಕೋಟೆ ಗಟ್ಟಿ, ಜನ ಇದ್ದಾರೆ, ಘಾಟಿ ಕಾಯಲು ಅನುಕೂಲ. ಮಾದರಿ ನೂರಕ್ಕೆ ನೂರು ಸಲ ಮುತ್ತಿಗೆ ತೋರಿಸುತ್ತದೆ. ಒಡೆಯ ಸತ್ತು, ಹೊಸ ಒಡೆಯನ ಭಯದಲ್ಲಿದ್ದ ಒಬ್ಬ ಅಧಿಕಾರಿಯ ನಿರ್ಧಾರ ಯಾವ ಕೋಷ್ಟಕದಲ್ಲೂ ಇಲ್ಲ.

ಸೇನಾ ಕಸರತ್ತುಗಳಲ್ಲಿ ಕೆಂಪು ಮತ್ತು ನೀಲಿ ಪಡೆಯ ನಿರ್ಧಾರಗಳನ್ನು ಗಣಕಕ್ಕೆ ಬಿಡದೆ ಮನುಷ್ಯರ ಕೈಗೇ ಕೊಡುವುದು ಇದಕ್ಕಾಗಿ. ಅವರ ಮೇಲೆ ಬಿಳಿ ಕೋಣೆ ಎಂದು ಕರೆಯುವ ತೀರ್ಪುಗಾರರ ತಂಡ ಇರುತ್ತದೆ. ಸೇನಾಪತಿಗೆ ಅವನ ಪಡೆ ಕಂಡದ್ದನ್ನು ಮಾತ್ರ ತೋರಿಸಬೇಕು, ಗಣಕಕ್ಕೆ ಗೊತ್ತಿರುವುದನ್ನೆಲ್ಲ ಅಲ್ಲ. ಗುಡ್ಡದ ಹಿಂದಿನ ತುಕಡಿಯ ವೈರ್‌ಲೆಸ್ ಸಿಗದಿದ್ದರೆ ಅದರ ಚುಕ್ಕಿ ಪರದೆಯಲ್ಲಿ ಹಳೆಯ ಜಾಗದಲ್ಲೇ, ಕೊನೆಯ ಸುದ್ದಿ ಬಂದ ಗಂಟೆಯ ಗುರುತಿನೊಂದಿಗೆ ನಿಲ್ಲಬೇಕು. ಪ್ರತಿ ಆಜ್ಞೆಯ ಜತೆ ಆ ಕ್ಷಣದಲ್ಲಿ ಅವನ ಪರದೆ ಏನು ತೋರಿಸುತ್ತಿತ್ತೆಂಬುದನ್ನೂ ದಾಖಲಿಸಿ. ಕಸರತ್ತಿನ ನಂತರದ ಚರ್ಚೆಯಲ್ಲಿ ಮೊದಲು ತೆರೆಯಬೇಕಾದ ಕಡತ ಅದು, ನಷ್ಟದ ಪಟ್ಟಿ ಆಮೇಲೆ.